ಮಗನ ಕೈಗೆ ಕೀಲಿ ಕೊಡುವ ಮುನ್ನ

ಬೆಳಗಿನ ಆರು ಗಂಟೆಗೆ ನಾನು ವಾಯುವಿಹಾರಕ್ಕೆ ಹೊರಡುವ ಹೊತ್ತಿಗೆ, ಬೆಂಗಳೂರಿನ ನಮ್ಮ ಬಡಾವಣೆಯ ಟ್ಯೂಷನ್ ಕೇಂದ್ರದ ಮುಂದೆ ಆಗಲೇ ನಲವತ್ತು ಐವತ್ತು ಸ್ಕೂಟರುಗಳು ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಬಂದವರು ಪಿಯುಸಿ ಓದುವ ಮಕ್ಕಳು. ಒಂದೊಂದು ಗಾಡಿಯಲ್ಲಿ ಇಬ್ಬರು, ಕೆಲವೊಮ್ಮೆ ಮೂವರು. ಹೆಲ್ಮೆಟ್ ಇದ್ದರೆ ಅದು ತಲೆಯ ಮೇಲಿರುವುದಕ್ಕಿಂತ ಮೊಣಕೈಯಲ್ಲಿ ನೇತಾಡುವುದೇ ಹೆಚ್ಚು. ಕಳೆದ ವಾರ ಹಾಗೆ ಹೊರಟಿದ್ದ ಹುಡುಗನೊಬ್ಬನಿಗೆ ಅವನ ತಂದೆ ಮನೆಯ ಗೇಟಿನ ಬಳಿ ನಿಂತು ಕೀಲಿ ಕೊಡುತ್ತಿದ್ದರು. ನನ್ನನ್ನು ಕಂಡು ಅವರಿಗೆ ತುಸು ಮುಜುಗರವಾಯಿತೆಂದು ಕಾಣುತ್ತದೆ. ನಾನು ಏನೂ ಕೇಳದಿದ್ದರೂ, "ಏನ್ ಮಾಡೋದು ಸರ್, ಆರು ಗಂಟೆಗೇ ಕ್ಲಾಸು. ಆ ಹೊತ್ತಿಗೆ ಬಸ್ ಸಿಗಲ್ಲ. ಗೇರ್ ಇಲ್ಲದ ಗಾಡಿ ತಾನೆ, ಹದಿನಾರಾದರೆ ಸಾಕಂತೆ" ಎಂದರು. ನಾನು ನಕ್ಕು ಮುಂದೆ ನಡೆದೆ.

ನಗದೆ ನಿಂತು ಎರಡು ಮಾತು ಹೇಳಬೇಕಿತ್ತು. ಹೇಳಲಾಗಲಿಲ್ಲ. ಅದಕ್ಕೆ ಕಾರಣ ಸುಮಾರು ಇಪ್ಪತ್ತು ವರ್ಷಗಳ ಹಿಂದಿನದು. ಆಗ ನನ್ನ ಮಗ ದ್ವಿತೀಯ ಪಿಯುಸಿ ಓದುತ್ತಿದ್ದ. ನಾನು ಸರ್ಕಾರಿ ಸೇವೆಯಲ್ಲಿದ್ದೆ. ಜಿಲ್ಲಾ ಮಟ್ಟದ ರಸ್ತೆ ಸುರಕ್ಷತಾ ಸಭೆಗಳಲ್ಲಿ ಕುಳಿತು ಅಪಘಾತ ವಲಯಗಳ ನಕ್ಷೆ ನೋಡಿ, ತಿರುವುಗಳಲ್ಲಿ ಫಲಕ ಹಾಕಿಸಲು, ಉಬ್ಬುಗಳಿಗೆ ಬಣ್ಣ ಬಳಿಸಲು ಸೂಚನೆ ಕೊಟ್ಟವನು. ಹದಿನೇಳರ ನನ್ನ ಮಗ ನನ್ನ ಹೆಸರಿನಲ್ಲೇ ನೋಂದಣಿಯಾಗಿದ್ದ ಸ್ಕೂಟರಿನಲ್ಲಿ ನಿತ್ಯ ಟ್ಯೂಷನ್ನಿಗೆ ಹೋಗುವುದು ನನಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಇರುವುದು ಅನುಕೂಲವಾಗಿತ್ತು. ಒಂದು ಸಂಜೆ ಸಂಚಾರ ಪೊಲೀಸರು ಅವನನ್ನು ತಡೆದು ಗಾಡಿಯನ್ನು ವಶಪಡಿಸಿಕೊಂಡರು. ಮಗ ಕರೆ ಮಾಡಿದ. ನಾನು ಪರಿಚಯದ ಅಧಿಕಾರಿಯೊಬ್ಬರಿಗೆ ಕರೆ ಮಾಡಿದೆ. ಅರ್ಧ ಗಂಟೆಯಲ್ಲಿ ಮಗನೂ ಗಾಡಿಯೂ ಮನೆ ಸೇರಿದವು. ಅಂದು ರಾತ್ರಿ ಊಟದ ಹೊತ್ತಿಗೆ ಅವನಿಗೆ ನಾಲ್ಕು ಬೈಗುಳ ಬಿದ್ದವು. ಮರುದಿನ ಬೆಳಿಗ್ಗೆ ಅದೇ ಸ್ಕೂಟರಿನಲ್ಲಿ ಅವನು ಟ್ಯೂಷನ್ನಿಗೆ ಹೋದ.

ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಪಶ್ಚಾತ್ತಾಪದ ಪ್ರದರ್ಶನಕ್ಕಾಗಿ ಅಲ್ಲ. ಹದಿಹರೆಯದವರ ವಾಹನ ಚಾಲನೆಯ ಚರ್ಚೆ ಬಂದಾಗಲೆಲ್ಲ ನಾವು 'ಈ ಕಾಲದ ಹುಡುಗರು' ಎಂದು ಮಾತು ಶುರು ಮಾಡುತ್ತೇವೆ. ವ್ಹೀಲಿ ಮಾಡುವವರು, ಮೇಲ್ಸೇತುವೆಗಳ ಮೇಲೆ ರೇಸ್ ನಡೆಸುವವರು ನಮ್ಮ ಕಣ್ಣ ಮುಂದೆ ಬರುತ್ತಾರೆ. ಅವರ ಸಂಖ್ಯೆ ಸಣ್ಣದು. ದೊಡ್ಡ ಸಂಖ್ಯೆಯಲ್ಲಿರುವವರು ನನ್ನ ಮಗನಂಥವರು: ಒಳ್ಳೆಯ ಅಂಕ ತೆಗೆಯುವ, ಹಿರಿಯರಿಗೆ ಎದುರಾಡದ, ಮನೆಯವರ ಒಪ್ಪಿಗೆಯಿಂದಲೇ ಕಾನೂನು ಮುರಿಯುವ ಮಕ್ಕಳು. ಮಕ್ಕಳಿಗೆ ಸುರಕ್ಷಿತ ಚಾಲನೆ ಕಲಿಸುವ ಕೆಲಸ ಹಿರಿಯರಿಂದಲೇ ಆರಂಭವಾಗಬೇಕು ಎಂಬುದು ನನ್ನ ವಾದ.

ಮೊದಲು 'ಗೇರ್ ಇಲ್ಲದ ಗಾಡಿಗೆ ಹದಿನಾರು ಸಾಕು' ಎಂಬ ನಂಬಿಕೆಯನ್ನೇ ನೋಡೋಣ. ಸುಶಿಕ್ಷಿತರ ಮನೆಗಳಲ್ಲೂ ಇದು ಬೇರೂರಿದೆ. 1988ರ ಮೋಟಾರು ವಾಹನ ಕಾಯ್ದೆಯ ನಾಲ್ಕನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸಲು ಹದಿನೆಂಟು ವರ್ಷ ತುಂಬಿರಬೇಕು. ಹದಿನಾರು ತುಂಬಿದವರಿಗೆ ಇರುವ ವಿನಾಯಿತಿ 50 ಸಿ.ಸಿ. ಮೀರದ ಎಂಜಿನ್ನಿನ ದ್ವಿಚಕ್ರ ವಾಹನಕ್ಕೆ ಮಾತ್ರ. ಅದಕ್ಕೂ ಪೋಷಕರ ಲಿಖಿತ ಒಪ್ಪಿಗೆ ಮತ್ತು ಪರವಾನಗಿ ಬೇಕು. ಕಾಯ್ದೆ ರೂಪುಗೊಂಡ ಕಾಲದಲ್ಲಿ ಆ ವಿನಾಯಿತಿಗೆ ಅರ್ಥವಿತ್ತು, ಏಕೆಂದರೆ ರಸ್ತೆಯಲ್ಲಿ ಲೂನಾದಂಥ ಮೊಪೆಡ್‌ಗಳಿದ್ದವು. ಇಂದು ಮನೆಮನೆಯಲ್ಲಿರುವ ಗೇರ್‌ರಹಿತ ಸ್ಕೂಟರುಗಳ ಎಂಜಿನ್ 110ರಿಂದ 125 ಸಿ.ಸಿ. ಸಾಮರ್ಥ್ಯದವು. ಅಂದರೆ, ಕಾಯ್ದೆಯಲ್ಲಿ ವಿನಾಯಿತಿ ಉಳಿದಿದೆ, ಅದಕ್ಕೆ ಹೊಂದುವ ಪೆಟ್ರೋಲ್ ವಾಹನ ಮಾತ್ರ ರಸ್ತೆಯಿಂದ ಬಹುಮಟ್ಟಿಗೆ ಮರೆಯಾಗಿದೆ. ಹದಿನೇಳರ ಮಗನಿಗೆ ತಂದೆ ತಮ್ಮ ಸ್ಕೂಟರ್ ಕೊಟ್ಟರೆ, ಗೇರ್ ಇರಲಿ ಬಿಡಲಿ, ಅದು ಕಾನೂನುಬಾಹಿರ. ಬ್ಯಾಟರಿ ಗಾಡಿಗಳ ವಿಷಯದಲ್ಲೂ ಇಂಥದೇ ಗೊಂದಲವಿದೆ. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆಯಿದ್ದು, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ. ಮೀರದ ವಾಹನಗಳಿಗಷ್ಟೇ ನೋಂದಣಿ ಮತ್ತು ಪರವಾನಗಿ ಬೇಡ. ಅದಕ್ಕಿಂತ ಶಕ್ತಿಶಾಲಿಯಾದ ಎಲೆಕ್ಟ್ರಿಕ್ ಸ್ಕೂಟರಿಗೆ ಈ ರಿಯಾಯಿತಿ ಇಲ್ಲ.

ಇನ್ನು ಹೊಣೆಗಾರಿಕೆಯ ಪ್ರಶ್ನೆ. ಪರವಾನಗಿ ಇಲ್ಲದವರಿಗೆ ವಾಹನ ಕೊಡುವುದು ಮೂಲ ಕಾಯ್ದೆಯಲ್ಲೇ ಮಾಲೀಕನ ಅಪರಾಧವಾಗಿತ್ತು. ಹಾಗೆ ನೋಡಿದರೆ ಅಂದು ಪೊಲೀಸರ ಮುಂದೆ ನಿಲ್ಲಬೇಕಾಗಿದ್ದವನು ನನ್ನ ಮಗನಿಗಿಂತ ಮೊದಲು ನಾನು. 2019ರ ತಿದ್ದುಪಡಿ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 199ಎ ಕಲಮಿನಂತೆ, ಅಪ್ರಾಪ್ತ ವಯಸ್ಕರು ಈ ಕಾಯ್ದೆಯಡಿ ಅಪರಾಧ ಎಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಅವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಚಾಲನಾ ಪರವಾನಗಿ ಇಲ್ಲ. ತಮಗೆ ತಿಳಿಯದೆ ಅಪರಾಧ ನಡೆಯಿತು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವು ಎಂದು ಸಾಬೀತುಪಡಿಸುವ ಭಾರವೂ ಹಿರಿಯರದೇ. ಗೇಟಿನ ಬಳಿ ನಿಂತು ಕೀಲಿ ಕೊಟ್ಟವರು ಇದನ್ನು ಹೇಗೆ ಸಾಬೀತುಪಡಿಸಬಲ್ಲರು? ನಮ್ಮ ರಾಜ್ಯದ ನ್ಯಾಯಾಲಯಗಳು ಪೋಷಕರಿಗೆ ಈ ದಂಡ ವಿಧಿಸಿದ ಸುದ್ದಿಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತಿರುತ್ತವೆ.

ಕಾನೂನು ಇಷ್ಟು ಕಠಿಣವಾಗಲು ಕಾರಣವಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕರ್ನಾಟಕದ ಪಾಲು 11,702. ದಿನಕ್ಕೆ ಸರಾಸರಿ ಮೂವತ್ತೆರಡು. ದೇಶದಲ್ಲಿ ಸತ್ತವರ ಪೈಕಿ 9,528 ಮಂದಿ ಹದಿನೆಂಟು ತುಂಬದವರು. ಇವರೆಲ್ಲ ವಾಹನ ಓಡಿಸುತ್ತಿದ್ದವರಲ್ಲ. ನಡೆದು ಹೋಗುತ್ತಿದ್ದವರೂ ಹಿಂಬದಿಯಲ್ಲಿ ಕುಳಿತಿದ್ದವರೂ ಇವರಲ್ಲಿ ಸೇರಿದ್ದಾರೆ. ಅದೇ ವರ್ಷ ಹೆಲ್ಮೆಟ್ ಧರಿಸದೆ ಸತ್ತ ದ್ವಿಚಕ್ರ ವಾಹನ ಸವಾರರ ಸಂಖ್ಯೆ 50,029. ಇವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಐದರಿಂದ ಇಪ್ಪತ್ತೊಂಬತ್ತರ ವಯೋಮಾನದವರ ಸಾವಿಗೆ ಜಗತ್ತಿನಾದ್ಯಂತ ರಸ್ತೆ ಅಪಘಾತವೇ ಪ್ರಮುಖ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗನಿಗೆ ಜ್ವರ ಬಂದರೆ ನಿದ್ದೆಗೆಡುವ ನಾವು, ಆ ವಯಸ್ಸಿನಲ್ಲಿ ಅವನಿಗೆ ಅತ್ಯಂತ ಅಪಾಯಕಾರಿಯಾದ ವಸ್ತುವನ್ನು ನಾವೇ ಕೈಗಿಡುತ್ತಿದ್ದೇವೆ.

ಹದಿಹರೆಯದವರಿಗೆ ವಾಹನ ಓಡಿಸುವ ಕೌಶಲ ಬೇಗ ಒಲಿಯುತ್ತದೆ ಎಂಬುದು ನಿಜ. ನನಗಿಂತ ನನ್ನ ಮಗ ಚುರುಕಾಗಿ ಗಾಡಿ ತಿರುಗಿಸುತ್ತಿದ್ದ. ಆದರೆ ಕೌಶಲ ಬೇರೆ, ವಿವೇಚನೆ ಬೇರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಫೋನಿನ ಕಡೆ ಎರಡು ಸೆಕೆಂಡು ನೋಡಿದರೆ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ವೇಗ 30ರಿಂದ 60ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಇದನ್ನು ಪಿಯುಸಿ ವಿಜ್ಞಾನದ ವಿದ್ಯಾರ್ಥಿ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾನೆ. ರಸ್ತೆಯಲ್ಲಿ, ಹಿಂದೆ ಸ್ನೇಹಿತ ಕುಳಿತು "ಬೇಗ ಹೋಗೋ" ಎಂದಾಗ ಆ ಸೂತ್ರ ನೆನಪಿಗೆ ಬರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿಹರೆಯದವರಿಗೂ ವಯಸ್ಕರಿಗೂ ಕಾರು ಓಡಿಸುವ ಆಟವೊಂದನ್ನು ಕಂಪ್ಯೂಟರಿನಲ್ಲಿ ಆಡಲು ಕೊಟ್ಟರು. ಗೆಳೆಯರ ಗುಂಪಿನಲ್ಲಿ ಆಡಿದಾಗ ಹದಿಹರೆಯದವರು ಒಬ್ಬರೇ ಆಡಿದ್ದಕ್ಕಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡರು. ವಯಸ್ಕರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಪರಿಣಾಮವನ್ನು ತೂಗಿ ನೋಡುವ ಮಿದುಳಿನ ಮುಂಭಾಗ ಇಪ್ಪತ್ತರ ಹರೆಯದ ನಡುಭಾಗದವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದು ಈಗ ಎಲ್ಲರೂ ಒಪ್ಪಿರುವ ಸಂಗತಿ. ಮಕ್ಕಳ ಮೇಲೆ ಸಿಟ್ಟಾಗಲು ಇದು ಕಾರಣವಲ್ಲ. ಅವರಿಗೆ ಸಮಯ ಕೊಡಲು ಕಾರಣ.

ಇದನ್ನು ಅರಿತ ದೇಶಗಳು ಪರವಾನಗಿಯನ್ನು ಹಂತಹಂತವಾಗಿ ಕೊಡುತ್ತವೆ. 1987ರಲ್ಲಿ ನ್ಯೂಜಿಲೆಂಡ್ ಈ ಪದ್ಧತಿಯನ್ನು ಆರಂಭಿಸಿತು. ಅಲ್ಲಿ ಕಲಿಕೆಯ ಹಂತ ದಾಟಿದ ಮೇಲೂ ಪೂರ್ಣ ಪರವಾನಗಿ ಸಿಗುವುದಿಲ್ಲ. ನಡುವೆ ನಿರ್ಬಂಧದ ಹಂತವೊಂದಿದೆ: ಅನುಭವಿ ಚಾಲಕರು ಪಕ್ಕದಲ್ಲಿಲ್ಲದಿದ್ದರೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಕಾರು ಓಡಿಸುವಂತಿಲ್ಲ, ಸಾಮಾನ್ಯವಾಗಿ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಅಮೆರಿಕದ ರಾಜ್ಯಗಳು ತೊಂಬತ್ತರ ದಶಕದಿಂದ ಇದೇ ಹಾದಿ ಹಿಡಿದವು. ನಮ್ಮಲ್ಲಿ ಕಲಿಕಾ ಪರವಾನಗಿ ಪಡೆದ ಮೂವತ್ತು ದಿನಗಳ ನಂತರ ಪರೀಕ್ಷೆಗೆ ಹೋಗಬಹುದು. ಎಂಟರ ಆಕಾರದಲ್ಲಿ ಕಾಲೂರದೆ ಗಾಡಿ ತಿರುಗಿಸಿದರೆ ಪಾಸು. ಅದೇ ಸಂಜೆ ಮೂವರು ಗೆಳೆಯರೊಡನೆ ನಂದಿಬೆಟ್ಟಕ್ಕೆ ಹೊರಟರೆ ಕೇಳುವವರಿಲ್ಲ. ಹದಿನೆಂಟು ತುಂಬಿದ ಮಾತ್ರಕ್ಕೆ ವಿವೇಚನೆ ಬಂದುಬಿಡುವುದಿಲ್ಲ. ಕಾನೂನು ಹಂತಗಳನ್ನು ರೂಪಿಸುವವರೆಗೆ ಅವನ್ನು ಮನೆಯಲ್ಲೇ ರೂಪಿಸಿಕೊಳ್ಳುವುದು ಅನಿವಾರ್ಯ.

ಅರ್ಥಶಾಸ್ತ್ರ ಓದಿದವನಾಗಿ ನನಗೆ ಇಲ್ಲಿ ಇನ್ನೊಂದು ಕೊರತೆ ಕಾಣುತ್ತದೆ. ಒಬ್ಬರ ನಿರ್ಧಾರದ ವೆಚ್ಚವನ್ನು ಇನ್ನೊಬ್ಬರು ಭರಿಸುವಂತಾದಾಗ ಅದನ್ನು ನಾವು ಬಾಹ್ಯ ವೆಚ್ಚ ಎನ್ನುತ್ತೇವೆ. ಮಗನಿಗೆ ಸ್ಕೂಟರ್ ಕೊಟ್ಟರೆ ಬೆಳಗಿನ ಅರ್ಧ ಗಂಟೆ ಉಳಿಯುತ್ತದೆ. ಆ ಲಾಭ ನಮ್ಮದು. ರಸ್ತೆ ದಾಟುವ ವೃದ್ಧೆ, ಹಾಲಿನ ಕ್ರೇಟು ಹೊತ್ತ ಸೈಕಲ್ಲಿನವನು, ಬೆಳಗಿನ ಪಾಳಿಯ ಪೌರಕಾರ್ಮಿಕರು ಆ ಉಳಿತಾಯಕ್ಕೆ ಬೆಲೆ ತೆರಬೇಕಾಗಬಹುದು. ಬ್ರಿಟನ್ನಿನಂಥ ದೇಶಗಳಲ್ಲಿ ಎಳೆಯ ಚಾಲಕರ ವಿಮಾ ಕಂತು ಬಹಳ ದುಬಾರಿ. ಅಪಾಯ ಹೆಚ್ಚೆಂಬ ಸೂಚನೆಯನ್ನು ಅಲ್ಲಿ ಬೆಲೆಯೇ ಕೊಡುತ್ತದೆ. ನಮ್ಮಲ್ಲಿ ಕಡ್ಡಾಯ ಥರ್ಡ್ ಪಾರ್ಟಿ ವಿಮೆಯ ದರವನ್ನು ಎಂಜಿನ್ ಸಾಮರ್ಥ್ಯ ನೋಡಿ ನಿಗದಿ ಮಾಡುತ್ತಾರೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಂತೆ 75ರಿಂದ 150 ಸಿ.ಸಿ.ಯ ದ್ವಿಚಕ್ರ ವಾಹನಕ್ಕೆ ವರ್ಷಕ್ಕೆ 714 ರೂಪಾಯಿ. ಓಡಿಸುವವರಿಗೆ ಹದಿನೆಂಟೋ ನಲವತ್ತೆಂಟೋ ಎಂಬುದನ್ನು ಅದು ಕೇಳುವುದಿಲ್ಲ. ಆದರೆ ಪರವಾನಗಿಯಿಲ್ಲದವನು ಅಪಘಾತ ಮಾಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಮಾಲೀಕನೇ ತಿಳಿದೂ ತಿಳಿದು ವಾಹನ ಕೊಟ್ಟದ್ದು ಸಾಬೀತಾದರೆ, ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ವಿಮಾ ಕಂಪನಿ ಮಾಲೀಕನಿಂದ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಧ್ಯಮ ವರ್ಗದ ಕುಟುಂಬವೊಂದರ ಜೀವಮಾನದ ಗಳಿಕೆ ಅಷ್ಟಕ್ಕೇ ಕರಗಿಹೋಗಬಹುದು.

ತಂದೆತಾಯಿಯರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಕಾಲೇಜು ಒಂದು ದಿಕ್ಕಿಗೆ, ಟ್ಯೂಷನ್ ಇನ್ನೊಂದು ದಿಕ್ಕಿಗೆ, ನಡುವೆ ಬೆಂಗಳೂರಿನ ವಾಹನ ದಟ್ಟಣೆ. ಇಬ್ಬರೂ ನೌಕರಿಗೆ ಹೋಗುವ ಮನೆಯಲ್ಲಿ ಮಗುವನ್ನು ಬಿಟ್ಟು ಬರುವವರು ಯಾರು? ಸ್ಕೂಟರು ಹೆಣ್ಣುಮಕ್ಕಳಿಗೆ ತಂದ ಸ್ವಾತಂತ್ರ್ಯವೂ ಸಣ್ಣದಲ್ಲ. ಆದ್ದರಿಂದ ಬೇಡ ಎನ್ನುವವರು ಬೇರೆ ದಾರಿಯನ್ನೂ ತೋರಿಸಬೇಕಾಗುತ್ತದೆ. ಆರು ಗಂಟೆಯ ತರಗತಿಯನ್ನು ಏಳಕ್ಕೆ ತಳ್ಳಿದರೆ ಯಾವ ಪ್ರಳಯವೂ ಆಗದು. ಹದಿನೆಂಟು ತುಂಬದವರ ವಾಹನಕ್ಕೆ ಆವರಣದಲ್ಲಾಗಲಿ ಮುಂದಿನ ರಸ್ತೆಯಲ್ಲಾಗಲಿ ಜಾಗವಿಲ್ಲ ಎಂದು ಕಾಲೇಜು ಮತ್ತು ಟ್ಯೂಷನ್ ಕೇಂದ್ರಗಳು ಪ್ರವೇಶದ ದಿನವೇ ಪೋಷಕರಿಂದ ಬರೆಸಿಕೊಳ್ಳಬಹುದು. ಬಿಎಂಟಿಸಿಯಲ್ಲಿ ವಿದ್ಯಾರ್ಥಿ ಪಾಸು ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ವಿದ್ಯಾರ್ಥಿನಿಯರಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಕೊರತೆ ಇರುವುದು ಮುಂಜಾನೆಯ ಬಸ್ಸುಗಳದ್ದು. ಟ್ಯೂಷನ್ ಕೇಂದ್ರಗಳು ಹೆಚ್ಚಿರುವ ಬಡಾವಣೆಗಳಿಗೆ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಹೆಚ್ಚುವರಿ ಬಸ್ಸು ಬಿಡುವುದು ಆಡಳಿತಕ್ಕೆ ಅಸಾಧ್ಯವಾದ ಕೆಲಸವಲ್ಲ ಎಂದು ಅನುಭವದಿಂದ ಹೇಳಬಲ್ಲೆ. ಸೈಕಲ್ಲನ್ನೂ ನಾವು ಮರೆತಿದ್ದೇವೆ. ಸರ್ಕಾರಿ ಶಾಲೆಯ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆಯನ್ನು ನಮ್ಮ ರಾಜ್ಯ 2006-07ರಲ್ಲೇ ಆರಂಭಿಸಿತ್ತು. ಎರಡು ವರ್ಷ ಸೈಕಲ್ ತುಳಿದವನಿಗೆ ಲಾರಿಯ ಪಕ್ಕದಲ್ಲಿ ಎಷ್ಟು ಜಾಗ ಬಿಡಬೇಕು, ಮಳೆಯಲ್ಲಿ ಬ್ರೇಕ್ ಹೇಗೆ ಜಾರುತ್ತದೆ ಎಂಬುದು ಮೈಗೂಡಿರುತ್ತದೆ. ಆದರೆ ಅದಕ್ಕೂ ಸುರಕ್ಷಿತ ರಸ್ತೆಯ ಅಂಚು ಬೇಕು ಎಂಬುದನ್ನು ಪಾಲಿಕೆಗಳು ಮರೆಯಬಾರದು.

ಮನೆಯಲ್ಲಿ ಆಗಬೇಕಾದ್ದು ಹೆಚ್ಚೇನಲ್ಲ. ಹದಿನೆಂಟು ತುಂಬಿ ಪರವಾನಗಿ ಕೈಗೆ ಬರುವವರೆಗೆ ಕೀಲಿ ಇಲ್ಲ. 'ಇಲ್ಲೇ ಅಂಗಡಿಗೆ' ಎಂಬ ವಿನಾಯಿತಿಯೂ ಇಲ್ಲ. ಪರವಾನಗಿ ಬಂದ ಮೇಲೆ ಮೊದಲ ಮೂರು ತಿಂಗಳು ಹಿರಿಯರು ಹಿಂದೆ ಕುಳಿತು ಹೋಗುವುದು. ಮೊದಲ ಆರು ತಿಂಗಳು ರಾತ್ರಿ ಸವಾರಿ ಬೇಡ, ಹಿಂದೆ ಗೆಳೆಯರು ಬೇಡ, ಹೆದ್ದಾರಿ ಬೇಡ. ಐಎಸ್‌ಐ ಗುರುತಿನ ಪೂರ್ಣ ಹೆಲ್ಮೆಟ್, ಗದ್ದದ ಪಟ್ಟಿ ಬಿಗಿದು. ಸರಿಯಾದ ಹೆಲ್ಮೆಟ್ ಸಾವಿನ ಸಾಧ್ಯತೆಯನ್ನು ಶೇ 42ರಷ್ಟು, ತಲೆಗಾಯದ ಸಾಧ್ಯತೆಯನ್ನು ಶೇ 69ರಷ್ಟು ತಗ್ಗಿಸುತ್ತದೆಂದು 2008ರ ಕಾಕ್ರೇನ್ ಪರಾಮರ್ಶೆ ಕಂಡುಕೊಂಡಿದೆ. ಗಾಡಿ ಓಡುವಾಗ ಫೋನ್ ಚೀಲದೊಳಗೆ. ಮಗ ರಸ್ತೆಯಲ್ಲಿದ್ದಾನೆಂದು ಗೊತ್ತಿದ್ದೂ 'ಎಲ್ಲಿದ್ದೀಯ' ಎಂದು ಹತ್ತು ಸಲ ಕರೆ ಮಾಡುವವರು ನಾವೇ. ಆ ಅಭ್ಯಾಸವನ್ನೂ ಬಿಡಬೇಕು. ಹೊರಡುವುದು ತಡವಾದರೆ ತಡವಾಗಿಯೇ ತಲುಪಲಿ ಎಂದು ನಾವು ಮನಸಾರೆ ಹೇಳಬೇಕು.

ಇವೆಲ್ಲಕ್ಕಿಂತ ಮೊದಲಿನದು ನಮ್ಮ ನಡತೆ. ಮಗು ಚಾಲನೆ ಕಲಿಯಲು ಆರಂಭಿಸುವುದು ತಂದೆಯ ಬೆನ್ನ ಹಿಂದೆ ಕುಳಿತಾಗ, ನಾಲ್ಕೈದು ವರ್ಷದ ವಯಸ್ಸಿನಲ್ಲಿ. ಕೆಂಪು ದೀಪ ಬಿದ್ದಾಗ ಅಪ್ಪ ನಿಲ್ಲಿಸಿದರೋ ನುಗ್ಗಿಸಿದರೋ, ಏಕಮುಖ ರಸ್ತೆಯಲ್ಲಿ ಎದುರು ಬಂದು ಬೇರೆಯವರನ್ನೇ ಬೈದರೋ, ಪೊಲೀಸರನ್ನು ದೂರದಿಂದ ಕಂಡಾಗ ಮಾತ್ರ ಹೆಲ್ಮೆಟ್ ಏರಿಸಿದರೋ ಎಂಬುದನ್ನು ಮಗು ನೋಡುತ್ತಿರುತ್ತದೆ. ಹದಿಮೂರು ವರ್ಷಗಳ ಈ ಪಾಠವನ್ನು ಕಾಲೇಜಿನಲ್ಲಿ ಏರ್ಪಡಿಸುವ ಒಂದು ದಿನದ ರಸ್ತೆ ಸುರಕ್ಷತಾ ಸಪ್ತಾಹದ ಭಾಷಣ ಅಳಿಸಲಾರದು.

2024ರ ಮೇ 19ರ ನಸುಕಿನಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನಿದ್ದ ದುಬಾರಿ ಕಾರು ಬಡಿದು ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳು ಸತ್ತಾಗ ಇಡೀ ದೇಶ ಕೆರಳಿತು. ಮುನ್ನೂರು ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಜಾಮೀನು ಸಿಕ್ಕಿತೆಂದು ತಿಳಿದಾಗ ನಾನೂ ಸಿಟ್ಟಾದೆ. ಪ್ರಭಾವ ಬಳಸಿದ ಆರೋಪಗಳನ್ನು ಓದುತ್ತಾ ಆ ಕುಟುಂಬದ ಬಗ್ಗೆ ಮನೆಯಲ್ಲಿ ಕಟುವಾಗಿ ಮಾತಾಡಿದೆ. ಆರೋಪಗಳ ಸತ್ಯಾಸತ್ಯತೆ ನ್ಯಾಯಾಲಯಕ್ಕೆ ಬಿಟ್ಟದ್ದು. ನನ್ನ ಮಗ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಒಂದು ಮಾತು ಹೇಳಿದ: "ಅಪ್ಪಾ, ನನ್ನನ್ನ ಹಿಡಿದಾಗ ನೀವೂ ಒಂದು ಫೋನ್ ಮಾಡಿದ್ರಿ. ಆಮೇಲೆ ಹದಿನೆಂಟು ತುಂಬೋವರೆಗೂ ನಾನು ಹೆದರಲೇ ಇಲ್ಲ. ಹಿಡಿದರೆ ನಿಮ್ಮ ಹೆಸರು ಹೇಳಿದರಾಯ್ತು ಅಂದ್ಕೊಂಡಿದ್ದೆ."

ನನ್ನ ಬಳಿ ಉತ್ತರವಿರಲಿಲ್ಲ. ಅಂದು ಅವನನ್ನು ತಡೆದ ಮುಖ್ಯ ಪೇದೆಯ ಹೆಸರು ನನಗೆ ಗೊತ್ತಿಲ್ಲ. ಕೇಳುವ ಸೌಜನ್ಯವೂ ನನಗಿರಲಿಲ್ಲ. ಬಿಸಿಲಿನಲ್ಲಿ ನಿಂತು ಆತ ತನ್ನ ಕರ್ತವ್ಯ ಮಾಡಿದ್ದ. ನನ್ನ ಮಗನಿಗೆ ಆ ಸಂಜೆ ಒಳ್ಳೆಯದನ್ನು ಮಾಡಲು ಹೊರಟಿದ್ದವನು ಆತ ಒಬ್ಬನೇ. ಅದನ್ನು ತಡೆದದ್ದು ನಾನು. ಮಗನಿಗೆ ಅಪಘಾತವಾಗಲಿಲ್ಲ, ಅವನಿಂದ ಯಾರಿಗೂ ಏನೂ ಆಗಲಿಲ್ಲ. ಅದು ನನ್ನ ಅದೃಷ್ಟ. ಅದನ್ನು ನನ್ನ ವಿವೇಕವೆಂದು ಇಷ್ಟು ವರ್ಷ ಭಾವಿಸಿದ್ದೆ.

ಈಗ ಅವನ ಎಂಟು ವರ್ಷದ ಮಗಳು ಅವನ ಹಿಂದೆ ಕುಳಿತು ಶಾಲೆಗೆ ಹೋಗುತ್ತಾಳೆ. ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯವೆಂದು ಕಾಯ್ದೆ ಹೇಳುತ್ತದೆ. ಪುಟ್ಟದೊಂದು ಹೆಲ್ಮೆಟ್ ಈಗ ನಮ್ಮ ಮನೆಯ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿದೆ. ಅದಿಲ್ಲದೆ ಗಾಡಿ ಗೇಟು ದಾಟುವುದಿಲ್ಲ. ನಾಳೆ ಬೆಳಿಗ್ಗೆ ವಾಯುವಿಹಾರಕ್ಕೆ ಹೋದಾಗ ಆ ನೆರೆಯವರನ್ನು ನಿಲ್ಲಿಸಿ ನನ್ನ ಈ ಕಥೆಯನ್ನು ಹೇಳಬೇಕೆಂದಿದ್ದೇನೆ. ಅವರಿಗೆ ಬೇಸರವಾಗಬಹುದು. ಆ ಹುಡುಗನಿಗಂತೂ ಖಂಡಿತ ಆಗುತ್ತದೆ. ಅವನ ಬೇಸರ ಹೆಚ್ಚೆಂದರೆ ಹದಿನೆಂಟು ತುಂಬುವವರೆಗಷ್ಟೇ.